ಸಿಟ್ಟಿನ ನೂಲು

ಹುಣಸೆಬೀಜದ ಗಂಜಿ ಹಾಕಿದ ಹೊಸ ಕಂಬಳಿಯ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ನಗು ಬರುತ್ತದೆ.

ನಮ್ಮಪ್ಪನ ಸಿಟ್ಟು ಚಳ್ಳಕೆರೆ ಸಂತೆಯವರೆಗೂ ಹೆಸರಾಗಿತ್ತು. ನಾವು ಕ್ರೈಸ್ತರಾದ ಮೇಲೆ ಉಪದೇಶಿಗಳು ಅವನಿಗೆ, "ಸಿಟ್ಟು ಬಂದ್ರೆ ಬಾಯಿ ಮುಚ್ಕೊಂಡು ಕೈಗೊಂದು ಕೆಲಸ ಕೊಡು. ಆ ಕೆಲಸ ಇನ್ನೊಬ್ಬರಿಗೆ ಆಗ್ಲಿ" ಅಂದಿದ್ದರು. ಅವತ್ತಿನಿಂದ ಅಪ್ಪ ಸಿಟ್ಟು ಬಂದಾಗಲೆಲ್ಲ ಹಲ್ಲು ಕಚ್ಚಿಕೊಂಡು ಕದಿರು ಹಿಡಿದು ಕುರಿ ಉಣ್ಣೆ ನೂಲುತ್ತಿದ್ದ. ಆ ನೂಲಿನ ಕಂಬಳಿ ಪಕ್ಕದ ಗುಡಿಸಲಿನ ನಿಂಗಜ್ಜಿಗೆ ಅಂತ ಮಾತಾಗಿತ್ತು.

ಚಳಿ ಬಂದರೂ ನೂಲು ಸಾಲಲಿಲ್ಲ. ಆ ವರ್ಷ ಅಪ್ಪನಿಗೆ ಸಿಟ್ಟೇ ಕಡಿಮೆಯಾಗಿತ್ತು!

ಒಂದು ಮಧ್ಯಾಹ್ನ ಅವ್ವ ನನ್ನನ್ನೂ ತಂಗಿಯನ್ನೂ ಕರೆದು, "ಅಜ್ಜಿ ನಡುಗ್ತೈತೆ. ನಿಮ್ಮಪ್ಪಗೆ ಸಿಟ್ಟು ಬರಂಗೆ ಏನಾರ ಮಾಡ್ರೇ" ಅಂದಳು. ನಾವು ಅವನ ರುಮಾಲನ್ನು ಟಗರಿನ ತಲೆಗೆ ಸುತ್ತಿ ಬಿಟ್ಟೆವು. ಅದು ಥೇಟ್ ಅಪ್ಪನಂತೆಯೇ ಅಂಗಳದಲ್ಲಿ ಓಡಾಡಿತು. ಅಪ್ಪ ಕೆಂಪಗಾಗಿ ಕದಿರಿಗೆ ಕೈಹಾಕಿದ. ಅಷ್ಟರಲ್ಲಿ ಬಾಗಿಲ ಸಂದಿಯಿಂದ ಅವ್ವ, "ಇನ್ನೊಂಚೂರು ರೇಗಿಸ್ರೇ" ಅಂದದ್ದು ಅವನ ಕಿವಿಗೆ ಬಿತ್ತು.

ಅಪ್ಪ ಟಗರನ್ನು ನೋಡಿದ, ಅವ್ವನನ್ನು ನೋಡಿದ, ಹೊಟ್ಟೆ ಹಿಡಿದುಕೊಂಡು ನಕ್ಕ. ಇನ್ನು ನೂಲು ಎಲ್ಲಿ ಬರಬೇಕು ಅಂತ ನಮ್ಮ ಮುಖ ಸಪ್ಪಗಾಯಿತು.

"ಉಣ್ಣೆ ತಗೊಂಬಾರೇ" ಅಂದ ಅಪ್ಪ, ಕಣ್ಣೊರೆಸಿಕೊಳ್ಳುತ್ತ. ಸಂಜೆವರೆಗೂ ನಗುನಗುತ್ತಲೇ ನೂತ.

ಆ ನೂಲು ಕಂಬಳಿಯ ಒಂದು ಅಂಚಾಯಿತು. ನಿಂಗಜ್ಜಿ ಹೊದ್ದುಕೊಂಡಾಗ ಆ ಅಂಚನ್ನೇ ಕೆನ್ನೆಗೆ ಎಳೆದುಕೊಂಡು, "ಇದು ಬಲು ಮೆತ್ತಗೈತೆ ಕಣಪ್ಪಾ" ಅಂದಳು.