ಅಕ್ಕಿಯ ಮೇಲೆ ಬರೆದ ಹೆಸರು

ಅವ್ವ ತೀರಿಕೊಂಡ ಮೇಲೆ ಅವಳ ನೆನಪುಗಳಿದ್ದ ಕಂಪ್ಯೂಟರನ್ನು ಮೈಥಿಲಿ ಧಾರವಾಡದ ತವರಿನಿಂದ ತನ್ನ ಮನೆಗೆ ತಂದಳು, ಎಲ್ಲ ಹೆಣ್ಣುಮಕ್ಕಳೂ ತರುವಂತೆ, ಬೆಳ್ಳಿ ತಂಬಿಗೆಯ ಜೊತೆಗೇ. ಅದನ್ನು ಮನೆಯ ವೈಫೈಗೆ ಸೇರಿಸಿದರೆ ಸಾಕು, ಹಣೆಗೆ ಪಟ್ಟಿ ಕಟ್ಟಿಕೊಂಡು ತನ್ನ ಕಂಪ್ಯೂಟರಿನಿಂದಲೇ ಆ ನೆನಪುಗಳೊಳಗೆ ಹೋಗಬಹುದು. ಆದರೆ ಪ್ರತಿ ಸಲವೂ ‘ಮೈಥಿಲಿಗೆ ಅನುಮತಿ ಇಲ್ಲ’ ಎಂದೇ ಬರುತ್ತಿತ್ತು.

“ಅವ್ವಗ ನಾ ಬ್ಯಾಡಾಗಿದ್ದೆನೇನು?” ಎಂದಳು.

ಗಂಡ ರಘೋತ್ತಮ ರೂಟರನ್ನು ಆರಿಸಿ ಮತ್ತೆ ಹಚ್ಚಿದ. ಎರಡೂ ಕಂಪ್ಯೂಟರುಗಳು ಒಂದನ್ನೊಂದು ಚೆನ್ನಾಗಿಯೇ ಗುರುತಿಸುತ್ತಿದ್ದವು. ಕೊನೆಗೆ ಅವ್ವ ತನ್ನ ಫೋಲ್ಡರನ್ನು ಯಾರೊಂದಿಗೆ ಹಂಚಿಕೊಂಡಿದ್ದಾಳೆಂದು ತೆರೆದು ನೋಡಿದವನು ಪರದೆಯನ್ನು ಅವಳತ್ತ ತಿರುಗಿಸಿದ.

“ಇಲ್ಲೆ ಒಂದ ಹೆಸರದ. ಸುನಂದಾ.”

ಮದುವೆಯ ದಿನ ಅಕ್ಕಿಯ ಮೇಲೆ ಉಂಗುರದಿಂದ ‘ಮೈಥಿಲಿ’ ಎಂದು ಅವಳ ಹೊಸ ಹೆಸರು ಬರೆದವನು ಅವನೇ. ಆಮೇಲೂ ಅವಳನ್ನು ಸುನಂದಾ ಎಂದು ಕರೆದದ್ದು ಅವ್ವ ಒಬ್ಬಳೇ.

“ಆ ಹೆಸರಿಲೆ ಖಾತೆ ಮಾಡ್ಕೊ, ತೆರೀತದ,” ಎಂದು ಚಹಾಕ್ಕಿಡಲು ಒಳಗೆ ಹೋದ.

ಅವಳು ಹಣೆಗೆ ಪಟ್ಟಿ ಕಟ್ಟಿಕೊಂಡು ತಡೆದು ತಡೆದು ಆ ಹೆಸರು ಟೈಪು ಮಾಡಿದಳು. ಫೋಲ್ಡರು ತೆರೆಯಿತು. ಕೊಬ್ಬರಿ ಎಣ್ಣೆಯ ವಾಸನೆ ಬಂತು. ಅವಳ ಕೈಗಳು ಅವ್ವನ ಕೈಗಳಾಗಿ, ಮುಂದೆ ಕೂತ ಹುಡುಗಿಯ ಕೂದಲನ್ನು ಹೆಣೆಯತೊಡಗಿದವು.

“ಅಲುಗಾಡಬ್ಯಾಡ, ಸುನಂದಾ,” ಎಂದಿತು ಅವಳದೇ ಬಾಯಿ.

ಅಡುಗೆಮನೆಯಿಂದ ರಘೋತ್ತಮ ಕೂಗಿದ: “ಮೈಥಿಲೀ, ಆತೇನು?”

ಹೆಣೆಯುವ ಕೈಗಳು ನಿಲ್ಲಲಿಲ್ಲ. ಅವ್ವನ ಆ ಮನೆಯಲ್ಲಿ ಮೈಥಿಲಿ ಎಂಬುವವರು ಯಾರೂ ಇರಲಿಲ್ಲ.