ಒಡೆದ ದನಿ

ದಸರೆ ರಜೆ ಮುಗಿದ ಮೊದಲ ದಿನ. ಒಂಬತ್ತನೇ ತರಗತಿಯ ಮಕ್ಕಳು ಎಂದಿನಂತೆ ಕಿಟಕಿಗೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ತಂತಮ್ಮ ಫೋನುಗಳನ್ನು ಇಟ್ಟು ಜೋಗುಳ ಹಾಡಿದರು. ಪರಿಚಯದ ದನಿ ಕೇಳಿ ಒಂದೊಂದಾಗಿ ಎಲ್ಲವೂ ಮಲಗಿದವು. ಬಸಲಿಂಗನ ಫೋನು ಮಾತ್ರ ಅಳತೊಡಗಿತು.

"ನೀ ಯಾರು? ನಮ್ಮ ಬಸು ಎಲ್ಲಿ?"

ರಜೆಯಲ್ಲಿ ಅವನ ದನಿ ಒಡೆದಿತ್ತು. ನಾಚಿಕೊಂಡು ಅವನು ಫೋನಿನ ಮುಂದೆ ಬಾಯಿಯನ್ನೇ ಬಿಟ್ಟಿರಲಿಲ್ಲ.

ಹುಡುಗರು ಕಿಸಕ್ಕನೆ ನಕ್ಕರು. ಪಾಠ ಮಾಡಲು ಬಂದ ಶರಣಮ್ಮ ಅಕ್ಕೋರು ಅವರನ್ನು ಗದರಿಸಿದರು. ಮಲಗದ ಫೋನನ್ನು ಆಫೀಸಿಗೆ ಕಳಿಸಬೇಕು ಎಂಬುದು ಶಾಲೆಯ ನಿಯಮ. ಅಲ್ಲಿ ಅದರ ನೆನಪನ್ನೆಲ್ಲ ಒರೆಸಿಬಿಡುತ್ತಾರೆ.

"ನಿಮ್ಮಿಬ್ಬರಿಗಷ್ಟ ಗೊತ್ತಿರೂದು ಏನರ ಹೇಳೋ," ಎಂದರು ಅಕ್ಕೋರು ಮೆಲ್ಲಗೆ.

ಬಸಲಿಂಗ ಜೋಳಿಗೆಯ ಮೇಲೆ ಬಾಗಿ, ಗೊಗ್ಗರು ದನಿಯಲ್ಲಿ ಪಿಸುಗುಟ್ಟಿದ. "ಬಾವ್ಯಾಗ ಇಳಿಯಾಕ ಅಂಜಿ ನಾ ಅತ್ತಿದ್ದೆ. ನೀ ಯಾರಿಗೂ ಹೇಳಲಿಲ್ಲ."

ಅಳು ನಿಂತಿತು.

"ಬಸು? ಇಷ್ಟ ದೊಡ್ಡಾಂವ ಆದಿ?"

"ಹೂಂ," ಎಂದು ಅವನು ಹಾಡಲು ಬಾಯಿ ತೆರೆದ.

"ಹಾಡಬ್ಯಾಡ, ಹುಡುಗರು ನಗತಾರ," ಎಂದಿತು ಫೋನು. "ನಾ ಹಂಗ ಮಲಗತೀನಿ. ನೀ ಹೋಗಿ ಪಾಠ ಕೇಳು."