ಹೆಸರು ಹಿಡಿದು ಕರೆದವಳು

ಸಂಜೆಯ ಸೈರನ್ ಆದಮೇಲೆ ನಮ್ಮ ಓಣಿಯ ಗೇಟಿಗೆ ಯಾರ ದನಿಯಾದರೂ ಬರಬಹುದು. ಶತ್ರುಗಳ ಯಂತ್ರಗಳು ಯಾರ ದನಿಯಲ್ಲಿ ಬೇಕಾದರೂ ಕೂಗುತ್ತವೆ. ಮೊನ್ನೆ ಪಕ್ಕದ ಓಣಿಯವರು ಹಾಲಿನವಳ ದನಿ ಕೇಳಿ ಗೇಟು ತೆಗೆದರು. ಈಗ ಆ ಓಣಿಯಲ್ಲಿ ಯಾರೂ ಇಲ್ಲ.

ಕಾವಲಿಗೆ ತಾವಾಗಿಯೇ ಸೇರಿದ ನಮ್ಮಂಥವರಿಗೆ ಕಟ್ಟಳೆ ಇಷ್ಟೆ. ನಿಮ್ಮವರ ದನಿಯನ್ನು ನೀವೇ ಗುರುತಿಸಬೇಕು. 'ಅಲ್ಲ' ಅಂದರೆ ಗೇಟಿನ ಕೀಲಿಯನ್ನು ನಾಯಕನಿಗೆ ಒಪ್ಪಿಸಬೇಕು. ಬೆಳಗಿನ ಸೈರನ್ ಆಗುವವರೆಗೆ ಅದು ವಾಪಸ್ ಸಿಗುವುದಿಲ್ಲ.

ನನಗೆ ಚಿಂತೆ ಇರಲಿಲ್ಲ. ನನ್ನ ಹೆಂಡತಿ ಗಂಗವ್ವ ಮದುವೆಯಾದಾಗಿನಿಂದ ನನ್ನ ಹೆಸರು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರಿಂದ ಹೇಳಿಸುತ್ತಾಳೆ. ಯಂತ್ರಕ್ಕೆ ಆ ನಾಚಿಕೆ ಎಲ್ಲಿಂದ ಬರಬೇಕು? ಅದು ಅವಳ ದನಿಯಲ್ಲಿ "ಚನ್ನಬಸಪ್ಪಾ" ಅಂದಾಗಲೆಲ್ಲ ನಾನು ನಕ್ಕು ಕೀಲಿ ಒಪ್ಪಿಸಿದ್ದೇನೆ.

ಇವತ್ತು ಅವಳು ಆಸ್ಪತ್ರೆಯ ಪಾಳಿ ಮುಗಿಸಿ ಬರುವುದರೊಳಗೆ ಸೈರನ್ ಆಯಿತು. ಸ್ವಲ್ಪ ಹೊತ್ತಿಗೆ ಯಾರೋ ಓಡಿಬರುವ ಸದ್ದು. ಗೇಟಿನಾಚೆ ಅವಳದೇ ದನಿ.

"ಚನ್ನಬಸಪ್ಪಾ! ಗೇಟ್ ತಗೀರಿ! ಬಂದ್ವು!"

"ಅಲ್ಲ," ಅಂದೆ. ನಾಯಕ ಮೌಲಾಲಿ ಕೀಲಿ ಇಸಿದುಕೊಂಡು ಜೇಬಿಗೆ ಹಾಕಿದ.

ಆಮೇಲೆ ಗೇಟಿನ ಸಂದಿಗೆ ಬಾಯಿ ಹಚ್ಚಿದಂತೆ, ಸಣ್ಣಗೆ:

"ತಪ್ಪಾತ್ರಿ. ಹೆದರಿಕ್ಯಾಗ ನಿಮ್ಮ ಹೆಸರು ತಗೊಂಡ್ಬಿಟ್ಟೆ."

ನಾನು ಮೌಲಾಲಿಯ ಮುಂದೆ ಕೈ ಚಾಚಿದೆ. ಅವನು ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡ. ಕೀಲಿ ಮಾತ್ರ ಕೊಡಲಿಲ್ಲ.